‘ಗಂಟು ಕ್ಯಾನ್ಸರ್ ಅಂತೆ, ನಾಳೆಯೇ ತೆಗೆಸಿಬಿಡೋಣವಾ?’

ರಿಪೋರ್ಟ್ ಕೈಗೆ ಬಂದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ಇದೇ. ಬೇಡ. ಸ್ತನದ ಗಂಟು ಕೈಗೆ ಸಿಗುವ ಹೊತ್ತಿಗೆ ಸಾಮಾನ್ಯವಾಗಿ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಬೆಳೆದಿರುತ್ತದೆ. ಎರಡು ಮೂರು ವಾರ ಸರಿಯಾದ ತಪಾಸಣೆಗೆ ಹೋದರೆ ನಷ್ಟವಿಲ್ಲ. (ಆರು ತಿಂಗಳು ಕಷಾಯ ಕುಡಿದು ನೋಡೋಣ ಅನ್ನುವವರಿಗೆ ಈ ಮಾತು ಅನ್ವಯಿಸುವುದಿಲ್ಲ.)

ಅವಸರದಲ್ಲಿ ಆಗುವ ಅನಾಹುತ ಒಂದೇ ಬಗೆಯದು. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಗಂಟನ್ನಷ್ಟೇ ತೆಗೆಸುತ್ತಾರೆ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ತಿಳಿಯದೆ ಮತ್ತೆ ಕೊಯ್ಯಬೇಕಾಗುತ್ತದೆ. ಮೊದಲು ಆಗಬೇಕಾದ್ದು ಕೋರ್ ಬಯಾಪ್ಸಿ: ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ದಾರದೆಳೆಯಂಥ ಚೂರುಗಳನ್ನು ತೆಗೆಯುವುದು. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬರೀ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶಗಳನ್ನಷ್ಟೇ ಎಳೆಯುವುದು) ಸಾಲದು, ಯಾಕೆಂದರೆ ಇಆರ್, ಪಿಆರ್ (ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳು), ಹರ್-2 (ಕ್ಯಾನ್ಸರನ್ನು ಬೆಳೆಸುವ ಪ್ರೊಟೀನ್) ಪರೀಕ್ಷೆಗೆ ಆ ಚೂರುಗಳೇ ಬೇಕು. ಹರ್-2 ‘2+’ ಅಂತ ಬಂದರೆ ಪಾಸೂ ಅಲ್ಲ, ಫೇಲೂ ಅಲ್ಲ. ಹರ್-2 ಜೀನ್ ಹೆಚ್ಚಿದೆಯೇ ಎಂದು ನೋಡುವ ಫಿಶ್ ಪರೀಕ್ಷೆಯ ಫಲ ಬರಬೇಕು.

ಈ ಮೂರು ಫಲಿತಾಂಶ ಆಪರೇಷನ್ನಿನ ಸರದಿಯನ್ನೇ ಬದಲಿಸಬಲ್ಲವು. ಮೂರೂ ನೆಗೆಟಿವ್ ಇದ್ದು ಅಥವಾ ಹರ್-2 ಪಾಸಿಟಿವ್ ಇದ್ದು, ಗಂಟು 2 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ ಇಲ್ಲವೇ ಕಂಕುಳಿನ ಗ್ರಂಥಿಗೆ ತಲುಪಿದ್ದರೆ, ಸಾಮಾನ್ಯವಾಗಿ ಕಿಮೋ ಮೊದಲು. ಹಾಗಾದಾಗ ‘ಕ್ಲಿಪ್ ಹಾಕಿದ್ದೀರಾ?’ ಎಂದು ಕೇಳಿ. ಕಿಮೋಗೆ ಗಂಟು ಪೂರ್ತಿ ಕರಗಿಹೋದರೆ ಜಾಗ ತೋರಿಸುವುದು ಆ ಲೋಹದ ಚೂರೇ.

ಪೂರ್ತಿ ಸ್ತನ ತೆಗೆಸಿದರೇ ಕ್ಷೇಮ ಎಂಬುದೂ ನಿಜವಲ್ಲ. ಗಂಟನ್ನು ಸುತ್ತಲ ಅಂಚಿನ ಸಮೇತ ಮಾತ್ರ ತೆಗೆದು ರೇಡಿಯೇಷನ್ ಕೊಡಿಸಿಕೊಂಡವರೂ ಅಷ್ಟೇ ಕಾಲ ಬದುಕುತ್ತಾರೆಂದು ಅಮೆರಿಕ, ಇಟಲಿಗಳ 20 ವರ್ಷದ ಅಧ್ಯಯನಗಳು 2002ರಲ್ಲೇ ತೋರಿಸಿವೆ. ಆದರೆ ಸಾಮಾನ್ಯವಾಗಿ ರೇಡಿಯೇಷನ್ ತಪ್ಪಿಸುವಂತಿಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಮೂರು ವಾರ ಅಥವಾ ಹೆಚ್ಚು. ತಾಲೂಕಿನಿಂದ ಬರುವವರು ಉಳಿಯುವ ಜಾಗದ ಯೋಚನೆ ಮಾಡಿಕೊಂಡೇ ತೀರ್ಮಾನಿಸಬೇಕು. ಬಿಪಿಎಲ್ ಕಾರ್ಡ್ ಇದ್ದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಪತ್ರ, ಮುಂಗಡ ಒಪ್ಪಿಗೆ ಎರಡನ್ನೂ ದಾಖಲಾಗುವ ಮೊದಲೇ ಮಾಡಿಸಿ.

ತಾರೀಕು ನಿಗದಿಯಾದ ಮೇಲೆ ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಅರಿವಳಿಕೆ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಸಾಮಾನ್ಯವಾಗಿ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಂತೂ ಹೃದಯದ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಕಂಕುಳನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡರೆ ಸಣ್ಣ ಗೀರುಗಳಲ್ಲಿ ಸೋಂಕು ಸೇರಬಹುದು. ಹಾಲು ಬೆರೆತ ಕಾಫಿ ನೀರಿನ ಲೆಕ್ಕವಲ್ಲ, ಊಟದ ಲೆಕ್ಕ: ಆರು ಗಂಟೆ ಮುಂಚೆಯೇ ಬಂದ್. ಬಳೆ, ಉಂಗುರ, ಮೂಗುತಿಗಳನ್ನು ಹಿಂದಿನ ದಿನವೇ ಸೋಪು ಹಚ್ಚಿ ಬಿಚ್ಚಿಡಿ. ಕೈ ಊದಿಕೊಂಡರೆ ಬಳೆ, ಉಂಗುರವನ್ನು ಕತ್ತರಿಸಿ ತೆಗೆಯಬೇಕಾದೀತು.

ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಡ್ರೇನ್ (ಗಾಯದೊಳಗಿನ ನೀರನ್ನು ಹೊರಗೆಳೆಯುವ ಕೊಳವೆ, ಅದರ ತುದಿಗೆ ಒತ್ತಬಹುದಾದ ಡಬ್ಬಿ) ಜೊತೆಗೇ ಮನೆಗೆ ಕಳಿಸುವುದುಂಟು. ಅದನ್ನು ಖಾಲಿ ಮಾಡುವ ಕ್ರಮವನ್ನು ನರ್ಸ್ ಎದುರಿಗೇ ಒಮ್ಮೆ ಮಾಡಿ ನೋಡಿ. ಕೈ ತೊಳೆದು, ಕೊಳವೆಯ ಕ್ಲಾಂಪ್ ಮುಚ್ಚಿ, ಬಿರಡೆ ತೆಗೆದು ಅಳತೆ ಲೋಟಕ್ಕೆ ಸುರಿಯಿರಿ. ಡಬ್ಬಿಯನ್ನು ಚಪ್ಪಟೆಯಾಗಿ ಒತ್ತಿ ಹಿಡಿದುಕೊಂಡೇ ಬಿರಡೆ ಹಾಕಿ, ಆಮೇಲೆ ಕ್ಲಾಂಪ್ ಬಿಚ್ಚಿ. ಒತ್ತುವುದನ್ನು ಮರೆತರೆ ಡಬ್ಬಿ ಗಾಳಿಯಿಂದ ಉಬ್ಬಿ ನಿಲ್ಲುತ್ತದೆ, ನೀರು ಎಳೆಯುವುದಿಲ್ಲ. ದಿನವೂ ಅದೇ ಹೊತ್ತಿಗೆ ಅಳೆದು ಬರೆದಿಡಿ. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಎರಡು ದಿನ ಬಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ನಿನ್ನೆ 80 ಇದ್ದದ್ದು ಇವತ್ತು ಸೊನ್ನೆಯಾದರೆ ಮಾತ್ರ ಖುಷಿಪಡಬೇಡಿ: ಕೊಳವೆಯಲ್ಲಿ ರಕ್ತದ ಗಡ್ಡೆ ಸಿಕ್ಕಿರಬಹುದು, ಆಸ್ಪತ್ರೆಗೆ ಫೋನ್ ಮಾಡಿ.