ಮಿಲ್ ಲ್ಯಾಕ್ಸ್ ಸರೋವರದ ಮೇಲೆ ನಮ್ಮದೊಂದು ಗುಡಿಸಲು

ಮೊದಲ ದಿನವೇ ತಮ್ಮನ ಗ್ಯಾರೇಜಿನಲ್ಲಿ ಜಗಳವಾಯಿತು. 'ಎರಡು-ನಾಲ್ಕು', ಅಂದರೆ ಎರಡಿಂಚು ದಪ್ಪ ನಾಲ್ಕಿಂಚು ಅಗಲ, ಎಂದು ತಂದ ಮರಕ್ಕೆ ಟೇಪು ಹಿಡಿದರೆ ದಪ್ಪ ಒಂದೂವರೆ ಇಂಚು, ಅಗಲ ಮೂರೂವರೆ. "ಅಂಗಡಿಯವನು ಮೋಸ ಮಾಡಿದ್ದಾನೆ, ವಾಪಸು ಕೊಟ್ಟು ಬಾ" ಎಂದೆ. ತಮ್ಮ ನಕ್ಕ. "ದೇಶವಿಡೀ ಹೀಗೇ ಅಣ್ಣ. ಹೆಸರು ಹಸಿಮರದ್ದು, ಅಳತೆ ಒಣಗಿಸಿ ಕೀಸಿದ ಮೇಲಿನದು." ತೀರ್ಥಹಳ್ಳಿಯ ಕಡೆಯ ತೋಟದ ಮನೆಯಲ್ಲಿ ಬಾಗಿಲು, ಏಣಿ, ದನದ ಗೊಂತು ಎಂದು ಸಣ್ಣಪುಟ್ಟ ಮರಗೆಲಸವನ್ನೆಲ್ಲ ನಾನೇ ಮಾಡಿಕೊಂಡವನು. ಒಂದೂವರೆ ಇಂಚನ್ನು ಎರಡಿಂಚು ಎಂದು ಕರೆಯುವ ಊರು ನನಗೆ ಅಂದೇ ಅನುಮಾನ ಹುಟ್ಟಿಸಿತು.

ಡಿಸೆಂಬರಿನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಹೋದದ್ದು ತಮ್ಮನ ಸಂಸಾರವನ್ನು ನೋಡಿಕೊಂಡು ಬರಲು. ಅವನಿಗೆ ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಹಾಕುವ ಹುಚ್ಚು ಹಿಡಿದಿತ್ತು. ಚಳಿಗೆ ಮರೆಯಾಗಿ ಕೂರಲು ಒಂದು ಗುಡಿಸಲು ಬೇಕು, ಅಣ್ಣ ಬಂದಾಗ ಕಟ್ಟೋಣ ಎಂದು ಕಾದಿದ್ದ.

ಗುಡಿಸಲು ಆರಡಿ ಅಗಲ, ಎಂಟಡಿ ಉದ್ದ. ಕೆಳಗೆ ಜಾರುಬಂಡಿಯಂತೆ ಎರಡು ಉದ್ದದ ಮರ, ಮೇಲೆ ತೊಲೆಗಳು, ಪ್ಲೈವುಡ್ ನೆಲ. ಗೋಡೆಗೆ ಇನ್ನೂ ತೆಳುವಾದ ಪಟ್ಟಿಗಳು, ನಡುವೆ ಒಂದೂವರೆ ಇಂಚಿನ ಫೋಮ್ ಹಲಗೆ. ಅದು ಪಟ್ಟಿಯ ದಪ್ಪಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಾಗ ಆ ಸುಳ್ಳು ಅಳತೆಯ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಆದರೆ ಗೋಡೆಗೆ ಕೈಯಿಟ್ಟು ತಳ್ಳಿದರೆ ಅಲುಗುತ್ತಿತ್ತು. "ಇದು ಮನೆಯಲ್ಲ, ಎಳೆದುಕೊಂಡು ಹೋಗುವ ಪೆಟ್ಟಿಗೆ. ಭಾರವಾದಷ್ಟೂ ಕಷ್ಟ" ಎಂದು ತಮ್ಮ ಹೇಳುತ್ತಲೇ ಇದ್ದ. ಅವನು ಕಚೇರಿಗೆ ಹೋದ ದಿನ ನಾಲ್ಕೂ ಮೂಲೆಗೆ ಒಂದೊಂದು ಓರೆಪಟ್ಟಿ ಬಿಗಿದುಬಿಟ್ಟೆ, 'ಎರಡು-ನಾಲ್ಕ'ರದ್ದೇ. ಸಂಜೆ ಬಂದವನು ನೋಡಿದ, ಮಾತಾಡಲಿಲ್ಲ. ಗಾಳ ಬಿಡಲು ನೆಲದಲ್ಲಿ ಕೊರೆಯಬೇಕಾದ ತೂತಿಗೆ ನಾನು ಎಳೆದ ವೃತ್ತ ನೇರ ತೊಲೆಯ ಮೇಲೆ ಬಿದ್ದಾಗಲೂ ಮಾತಾಡಲಿಲ್ಲ. ಗರಗಸ ತೊಲೆಗೆ ತಾಗಿದ ಸದ್ದಿಗೆ ಮಾತ್ರ ನನ್ನ ಮುಖ ನೋಡಿದ.

ಹೊರಗೋಡೆಯ ಮೇಲೆ ಅವನ ಹೆಸರು, ವಿಳಾಸ ಬರೆದೆವು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನೂ ಅಂಟಿಸಿದೆವು. ಅಲ್ಲಿನ ಕಾನೂನು ಹಾಗೆ. ರಾತ್ರಿ ಆಳಿಲ್ಲದೆ ಬಿಟ್ಟು ಬರುವ ಗುಡಿಸಲಿಗೆ ಪರವಾನಗಿಯೂ ಬೇಕು, ಮಾರ್ಚಿನಲ್ಲಿ ನಿಗದಿಯಾದ ದಿನದೊಳಗೆ ಅದನ್ನು ಸರೋವರದಿಂದ ತೆಗೆಯಲೂ ಬೇಕು.

ಜನವರಿಯ ಒಂದು ಶನಿವಾರ ಗುಡಿಸಲನ್ನು ಟ್ರೇಲರ್ ಮೇಲೇರಿಸಿ 169ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟೆವು. ಸುಮಾರು 160 ಕಿಲೋಮೀಟರ್. ಗ್ಯಾರಿಸನ್ ಎಂಬ ಪುಟ್ಟ ಊರಿನಲ್ಲಿ ಸರೋವರದ ದಡಕ್ಕೆ ವಾಲ್‌ಐ ಮೀನಿನ ದೊಡ್ಡ ಪ್ರತಿಮೆಯಿದೆ, ನಮ್ಮಲ್ಲಿ ಊರ ಬಾಗಿಲಿಗೆ ಆಂಜನೇಯ ಇರುವ ಹಾಗೆ. ಮಿಲ್ ಲ್ಯಾಕ್ಸ್ ಎಂದರೆ ಫ್ರೆಂಚಿನಲ್ಲಿ ಸಾವಿರ ಸರೋವರ, ಇರುವುದು ಒಂದೇ: 500 ಚದರ ಕಿಲೋಮೀಟರಿಗೂ ಮಿಕ್ಕಿದ ಹರವು, ಅತಿ ಆಳದಲ್ಲೂ ನಲವತ್ತು ಅಡಿಯ ಆಸುಪಾಸು. ದಡದಲ್ಲಿ ಒಜಿಬ್ವೆ ಮೂಲನಿವಾಸಿಗಳ ನೆಲವಿದೆ. 1837ರ ಒಪ್ಪಂದದಲ್ಲಿ ಅವರು ಉಳಿಸಿಕೊಂಡ ಮೀನುಗಾರಿಕೆಯ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ ಎತ್ತಿಹಿಡಿಯಿತು ಎಂದು ತಮ್ಮ ದಾರಿಯಲ್ಲಿ ಹೇಳಿದ.

ಶರಾವತಿಯ ಹಿನ್ನೀರು ಕಂಡವನಿಗೆ ನೀರಿನ ಹರವು ಹೊಸದಲ್ಲ. ಅದರ ಮೇಲೆ ಗಾಡಿ ಹೋಗುವುದು ಹೊಸದು. ದಡದ ವಸತಿಗೃಹದವರು ಹಣ ಪಡೆದು, ಹಿಮ ಗೋರಿ ಗಡ್ಡೆಯ ಮೇಲೆ ರಸ್ತೆ ಮಾಡಿಡುತ್ತಾರೆ. ಆ ದಿನ ಗಡ್ಡೆಯ ದಪ್ಪ ಒಂದೂವರೆ ಅಡಿ. ನೀರಿನ ಮೇಲೆ ಬಂದೊಡನೆ ತಮ್ಮ ಸೀಟ್ ಬೆಲ್ಟ್ ಬಿಚ್ಚಿದ, ಕಿಟಕಿ ಇಳಿಸಿದ. "ಗಾಳಿಗಾ?" ಎಂದೆ. "ಮುಳುಗಿದರೆ ಹೊರಗೆ ಬರಲಿಕ್ಕೆ" ಎಂದ. ಆಮೇಲೆ ನಾನೇನೂ ಕೇಳಲಿಲ್ಲ.

ಎಂಟಿಂಚಿನ ಬೈರಿಗೆಯಿಂದ ತೂತು ಕೊರೆದೆವು. ಗಡ್ಡೆಯ ಪುಡಿ ತೆಂಗಿನ ತುರಿಯಂತೆ ರಾಶಿಯಾಗಿ ಬಂದು, ಕೊನೆಗೆ ಬುಳಕ್ಕನೆ ಕಪ್ಪು ನೀರು ಉಕ್ಕಿತು. ಒಳಗೆ ಗ್ಯಾಸಿನ ಒಲೆ ಹಚ್ಚಿ, ಹೊಗೆ ಕಟ್ಟದಂತೆ ಗಾಳಿಕಿಂಡಿ ತೆರೆದಿಟ್ಟು ಇಬ್ಬರೂ ಗಾಳ ಬಿಟ್ಟು ಕೂತೆವು. ಹೊರಗೆ ಮೈನಸ್ 20 ಡಿಗ್ರಿ, ಒಳಗೆ ಸ್ವೆಟರ್ ಕಳಚುವಷ್ಟು ಸೆಕೆ. ಮೂರು ಗಂಟೆಯಲ್ಲಿ ಸಿಕ್ಕಿದ್ದು ಒಂದೇ ವಾಲ್‌ಐ. ಬೆಳಕು ಬಿದ್ದಾಗ ಬೆಕ್ಕಿನ ಕಣ್ಣಿನಂತೆ ಅದರ ಕಣ್ಣು ಹೊಳೆಯಿತು. ನಿಯಮದ ಅಳತೆಗೆ ಬಾರದ್ದರಿಂದ ಮತ್ತೆ ನೀರಿಗೇ ಬಿಟ್ಟೆವು.

ರಾತ್ರಿ ಮಲಗಿದ್ದಾಗ ಅಡಿಯಿಂದ 'ಧೊಂಯ್' ಎಂದು ಸದ್ದು ಹೊರಟು ಮೈಲುದ್ದ ಓಡಿಹೋಯಿತು. ಬರಿಗಾಲಲ್ಲಿ ಬಾಗಿಲಿಗೆ ಓಡಿದೆ. "ಗಡ್ಡೆ ಹಿಗ್ಗಿ ಕುಗ್ಗುವ ಸದ್ದು, ಮಲಗು ಅಣ್ಣ" ಎಂದು ತಮ್ಮ ಮಗ್ಗುಲು ಬದಲಿಸಿದ. ನನಗೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಜಾಗ ಬದಲಿಸಲು ಹೋದರೆ ಗುಡಿಸಲು ಜಪ್ಪಯ್ಯ ಅನ್ನಲಿಲ್ಲ. ಒಲೆಯ ಶಾಖಕ್ಕೆ ಅಡಿಯ ಗಡ್ಡೆ ಕರಗಿ, ಮತ್ತೆ ಹೆಪ್ಪುಗಟ್ಟಿ ಜಾರುಮರಗಳನ್ನು ಕಚ್ಚಿ ಹಿಡಿದಿತ್ತು. ಹಾಗಾಗಬಾರದೆಂದೇ ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಬೇಕು, ನಮ್ಮಲ್ಲಿ ಗೆದ್ದಲಿಗೆ ಹೆದರಿ ಕಂಬದ ಬುಡಕ್ಕೆ ಕಲ್ಲು ಕೊಟ್ಟ ಹಾಗೆ. ತುಂಡುಗಳು ಗ್ಯಾರೇಜಿನಲ್ಲೇ ಉಳಿದಿದ್ದವು. ಗಾಡಿಗೆ ಹಾಕುವ ಕೆಲಸ ನನ್ನದಾಗಿತ್ತು.

ಒಂದು ಗಂಟೆ ಹಾರೆಯಲ್ಲಿ ಗಡ್ಡೆ ಕುಟ್ಟಿದೆವು. ಜ್ಯಾಕ್ ಕೊಟ್ಟು ಒಂದೊಂದೇ ಮೂಲೆ ಎತ್ತುವಾಗ ಹಿಡಿಯನ್ನು ನನ್ನ ಕೈಗೇ ಕೊಟ್ಟ. ಮೂರನೆಯ ಮೂಲೆಗೆ ಬರುವಷ್ಟರಲ್ಲಿ ಮೀಸೆಯಲ್ಲಿ ಉಸಿರು ಹೆಪ್ಪುಗಟ್ಟಿತ್ತು, ತೋಳು ನಡುಗುತ್ತಿತ್ತು. ಜ್ಯಾಕ್ ಇಳಿಸಿ ಒಳಗೆ ಹೋದೆ. "ಆ ತಿರುಪುಳಿ ಕೊಡು" ಎಂದೆ. ಕೊಟ್ಟ. ಕತ್ತಲಿದ್ದ ಮೂಲೆಗೆ ಟಾರ್ಚು ಹಿಡಿದು ನಿಂತ. ನಾಲ್ಕು ಓರೆಪಟ್ಟಿಗಳನ್ನೂ ಬಿಚ್ಚಿ ಗಾಡಿಯ ಹಿಂದಕ್ಕೆಸೆದೆ.

ಆ ಮಧ್ಯಾಹ್ನ ಉತ್ತರದಿಂದ ಗಾಳಿ ಬೀಸಿತು. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಬೆನ್ನಿಗೆ ಗೊತ್ತಾಗುವಷ್ಟು ಅಲುಗುತ್ತಿತ್ತು. ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ.