ದಾರಿ ಶುರುವಾಗುವಲ್ಲಿ ಕಳೆದ ರಾತ್ರಿ

ಬೆಟ್ಟದ ಬುಡಕ್ಕೆ ನಾನು ಮತ್ತು ಗೆಳೆಯ ತಲುಪುವ ಹೊತ್ತಿಗೆ ಸಂಜೆ 4 ಗಂಟೆ ದಾಟಿತ್ತು. ಮಧ್ಯಾಹ್ನ 1 ಗಂಟೆಗೆಲ್ಲ ನಡೆಯಲು ತೊಡಗಿರಬೇಕಾಗಿದ್ದವರು ನಾವು. ರಸ್ತೆ ಅಲ್ಲಿಗೇ ಮುಗಿದು, ನಾಲ್ಕಾರು ವಾಹನಗಳು ನಿಲ್ಲುವಷ್ಟು ಬಯಲು, ಅದರ ಅಂಚಿನಲ್ಲಿ ನಕ್ಷೆ ಅಂಟಿಸಿದ ಮರದ ಫಲಕ, ಫಲಕದ ಕೆಳಗೆ ಪುಟ್ಟ ಪೆಟ್ಟಿಗೆಯಲ್ಲಿ ಚಾರಣಿಗರು ಹೆಸರು ಬರೆಯುವ ಪುಸ್ತಕ ಇದ್ದವು. ಅದರಾಚೆಗೆ, ಒಬ್ಬರ ಹಿಂದೊಬ್ಬರು ಹೋಗುವಷ್ಟೇ ಅಗಲದ ಕಾಲುದಾರಿ ಮರಗಳ ನಡುವೆ ನುಸುಳಿ ಮರೆಯಾಗಿತ್ತು. ಇಷ್ಟು ವರ್ಷ ಇಂಥ ಜಾಗಗಳಲ್ಲಿ ನಾನು ಬೂಟಿನ ದಾರ ಬಿಗಿಯುವಷ್ಟು ಹೊತ್ತು ಮಾತ್ರ ನಿಂತಿದ್ದೆ. ಅಂದು ಅಲ್ಲೇ ಒಂದು ರಾತ್ರಿ ಕಳೆಯಬೇಕಾಯಿತು.

ಗೆಳೆಯನಿಗೆ ಕೂಡಲೇ ಹೊರಡುವ ಆತುರವಿತ್ತು. ನಾನು ಫಲಕದ ಮುಂದೆ ನಿಂತು ಲೆಕ್ಕ ಹಾಕಿದೆ. ಮೇಲಿನ ಶಿಬಿರದ ಜಾಗಕ್ಕೆ 7 ಕಿಲೋಮೀಟರ್ ದೂರ, 750 ಮೀಟರ್ ಏರು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸರಳ ಸೂತ್ರವೊಂದನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಪ್ರತಿ 5 ಕಿಲೋಮೀಟರಿಗೆ ಸುಮಾರು ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ನಮಗೆ ಎರಡೂವರೆ ಗಂಟೆಗಿಂತ ಹೆಚ್ಚು ಬೇಕಿತ್ತು. ಬೆನ್ನ ಮೇಲಿನ ಹೊರೆ, ದಣಿವಾರಿಸಿಕೊಳ್ಳುವ ಹೊತ್ತು ಎಲ್ಲ ಸೇರಿದರೆ ಮೂರೂವರೆಗೆ ಕಡಿಮೆಯಿರಲಿಲ್ಲ. ಕತ್ತಲಾಗಲು ಎರಡೇ ಗಂಟೆ ಉಳಿದಿತ್ತು, ದಟ್ಟ ಕಾಡಿನೊಳಗಂತೂ ಕತ್ತಲು ಬಯಲಿಗಿಂತ ಮೊದಲೇ ಇಳಿಯುತ್ತದೆ. ನಕ್ಷೆಯಲ್ಲಿ ಕೊನೆಯ ಒಂದೂವರೆ ಕಿಲೋಮೀಟರಿನಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಾಗಿದ್ದವು. ಎಂದರೆ ಅತಿ ಕಡಿದಾದ ಭಾಗ ನಮಗೆ ಎದುರಾಗುವುದು ಅತಿ ಕತ್ತಲೆಯಲ್ಲಿ. ಹೆಡ್‌ಲ್ಯಾಂಪ್ ಇದೆಯಲ್ಲ ಎಂದು ಗೆಳೆಯ ವಾದಿಸಿದ. ಬೆಳಕು ಕಾಲಿನ ಕೆಳಗಿನ ಕಲ್ಲನ್ನು ತೋರಿಸೀತು, ತಪ್ಪಿದ ತಿರುವನ್ನು ತೋರಿಸದು ಎಂದೆ. ಕೊನೆಗೆ ಅವನು ಒಪ್ಪಿದ, ಮನಸ್ಸಿಲ್ಲದ ಮನಸ್ಸಿನಿಂದ.

ಹೆಸರು ಬರೆಯುವ ಪುಸ್ತಕವನ್ನು ಆಗ ಸುಮ್ಮನೆ ತೆರೆದೆ. ಹೆಸರು, ಎಷ್ಟು ಜನ, ಹೋದ ಹೊತ್ತು, ಮರಳಿದ ಹೊತ್ತು ಎಂದು ಗೆರೆ ಎಳೆದ ಪುಟ. ಕೊನೆಯ ಸಾಲಿನಲ್ಲಿ ಇಬ್ಬರು ಅಂದು ಬೆಳಿಗ್ಗೆ 6.30ಕ್ಕೆ ಹೋದವರು, ಅದೇ ಸಂಜೆ ಮರಳುವುದಾಗಿ ಪಕ್ಕದಲ್ಲಿ ಬರೆದಿದ್ದರು. ಮರಳಿದ ಹೊತ್ತಿನ ಕಲಂ ಖಾಲಿಯಿತ್ತು.

ದಾರಿ ಶುರುವಾಗುವಲ್ಲೇ ಟೆಂಟು ಹಾಕಲು ಗೊತ್ತುಪಡಿಸಿದ ಜಾಗವಿತ್ತು. ತೊರೆಯ ಪಕ್ಕದ ತಗ್ಗು ನೋಡಲು ಸೊಗಸಾಗಿತ್ತು, ಆದರೆ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಬಂದು ಇಂಥ ತಗ್ಗಿನಲ್ಲೇ ಮಡುಗಟ್ಟುತ್ತದೆ. ಅಲ್ಲದೆ, ನೀರು ಕೆಡದಿರಲೆಂದು ತೊರೆಯಿಂದ 60 ಮೀಟರಾದರೂ ದೂರವಿರುವುದು ಒಳ್ಳೆಯ ಪದ್ಧತಿ. ಹಾಗಾಗಿ ಸ್ವಲ್ಪ ಮೇಲಕ್ಕೆ ಹೋಗಿ, ತಲೆಯೆತ್ತಿ ಒಣಗಿದ ಕೊಂಬೆಗಳಿಲ್ಲವೆಂದು ಖಚಿತಪಡಿಸಿಕೊಂಡು ಟೆಂಟು ಹಾಕಿದೆವು. ಗೂಟ ಹೊಡೆಯುವಾಗ ತರಗೆಲೆಯ ಪದರವನ್ನು ಬೆರಳಿನಿಂದ ಸರಿಸಿದೆ. ಮೇಲೆ ಗರಿಗರಿ ಎಲೆ. ಅದರ ಕೆಳಗೆ ನರಗಳಷ್ಟೇ ಉಳಿದು ಬಲೆಯಂತಾದ ಎಲೆ. ಇನ್ನೂ ಕೆಳಗೆ ಎಲೆಯೆಂದು ಗುರುತಿಸಲಾಗದ ಕಪ್ಪು ಮಣ್ಣು, ಅದನ್ನು ಹೊಲಿದಂತೆ ಹಬ್ಬಿದ ಶಿಲೀಂಧ್ರದ ಬಿಳಿ ಎಳೆಗಳು. ಒಂದು ಗೇಣಿನೊಳಗೆ ಕಾಡು ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುವ ಕೆಲಸವೆಲ್ಲ ನಡೆದಿತ್ತು. ಸರಿಸಿದ್ದನ್ನು ಹಾಗೆಯೇ ಮುಚ್ಚಿದೆ. ಅವಸರದಲ್ಲಿ ಏರಿ ಹೋಗಿದ್ದರೆ ಇದನ್ನು ನೋಡುತ್ತಿರಲಿಲ್ಲ ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ರಾತ್ರಿ 11ರ ಸುಮಾರಿಗೆ ಮಿಂಚಿತು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿದೆ. ಪ್ರತಿ 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೊದಲು 18, ಆಮೇಲೆ 12, ಆಮೇಲೆ 9. ಸಿಡಿಲು ಬೆಟ್ಟದ ಮೇಲಂಚಿನ, ಏಣಿನ ಕಡೆಯಿಂದಲೇ ಬರುತ್ತಿತ್ತು. ಪಕ್ಕದಲ್ಲಿ ಗೆಳೆಯನೂ ಎಚ್ಚರವಾಗಿದ್ದ, ಮಾತಾಡಲಿಲ್ಲ. ಮಳೆ ಟೆಂಟಿನ ಮೇಲೆ ಬೀಳುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದದ್ದು ಪುಸ್ತಕದ ಆ ಖಾಲಿ ಕಲಂ. ಮತ್ತೆ ಎಣಿಸಿದಾಗ 15 ಬಂತು, ನಂತರ ಗುಡುಗು ಕೇಳಿಸದಾಯಿತು.

ಬೆಳಕು ಹರಿಯುತ್ತಲೇ ಪುಸ್ತಕದ ಬಳಿ ಹೋದೆ. ಕಲಂ ಹಾಗೇ ಇತ್ತು. ಅವರು ಬಾರದಿದ್ದರೆ ಫಲಕದಲ್ಲಿದ್ದ ತುರ್ತು ಸಂಖ್ಯೆಗೆ ಕರೆ ಮಾಡುವುದೆಂದು, ಸಿಗ್ನಲ್ ಸಿಗುವವರೆಗೆ ರಸ್ತೆಯಲ್ಲಿ ಹಿಂದಕ್ಕೆ ಹೋಗುವುದೆಂದು ನಿರ್ಧರಿಸಿ ನೀರು ಕಾಯಿಸತೊಡಗಿದೆವು. 7 ಗಂಟೆಗೆ ಇನ್ನೂ ಹತ್ತು ನಿಮಿಷವಿದ್ದಾಗ ಮರಗಳ ನಡುವೆ ಕೋಲು ಊರಿದ ಸದ್ದು ಕೇಳಿತು. ಇಬ್ಬರೂ ಇಳಿದು ಬಂದರು, ಮೊಣಕಾಲಿನವರೆಗೆ ಕೆಸರು, ತುಟಿ ಬಿಳುಪೇರಿತ್ತು. ದಾರಿಯಲ್ಲಿ ಕತ್ತಲಾಗಿ, ತಿರುವು ತಪ್ಪಿ, ಸಿಡಿಲು ಶುರುವಾದಾಗ ಏಣಿನಿಂದ ಕೆಳಗಿಳಿದು ಕುಳ್ಳ ಮರಗಳ ನಡುವೆ ಬ್ಯಾಗಿನ ಮೇಲೆ ಮುದುಡಿ ಕೂತು ರಾತ್ರಿ ಕಳೆದಿದ್ದರು. ಬಿಸಿ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಅವಚಿ ಹಿಡಿದು ಬಹಳ ಹೊತ್ತು ಹಾಗೇ ನಿಂತರು.

ಅವರಲ್ಲಿ ಹಿರಿಯರು ಪುಸ್ತಕದ ಹತ್ತಿರ ಹೋಗಿ ಪೆನ್ನು ತೆಗೆದುಕೊಂಡರು, ಆದರೆ ಮರಗಟ್ಟಿದ ಬೆರಳಿಗೆ ಅದು ನಿಲ್ಲಲಿಲ್ಲ. ನಾನೇ ಬರೆಯಲೇ ಎಂದು ಕೇಳಿದೆ. ತಲೆಯಾಡಿಸಿದರು. 6.50 ಎಂದು ಬರೆದು, ಅದರ ಕೆಳಗಿನ ಸಾಲಿನಲ್ಲಿ ನಮ್ಮ ಹೆಸರುಗಳನ್ನೂ ಹೊರಡುವ ಹೊತ್ತನ್ನೂ ತುಂಬಿದೆವು.