ಗ್ವಾಯ್ ಹಾನಸ್ ಸ್ಕೆಚ್‌ಗಳು: ಮೂರು ಊರು ಮುಗಿದವು, ಎಸ್‌ಗಾಂಗ್ ಗ್ವಾಯ್ ಬಾಕಿ

ಕೆನಡಾದ ಪಶ್ಚಿಮ ಕರಾವಳಿಯ ಆಚೆ ಹೈಡಾ ಗ್ವಾಯ್ ದ್ವೀಪಗಳಿವೆ. ಅವುಗಳ ದಕ್ಷಿಣ ಭಾಗವೇ ಗ್ವಾಯ್ ಹಾನಸ್ ಪಾರ್ಕ್. ಅಲ್ಲಿಗೆ ರಸ್ತೆಯೇ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರ ಹಳೆಯ ಊರುಗಳಲ್ಲಿ ಉಳಿದಿರುವ, ಕೆತ್ತನೆಯ ಸೀಡರ್ ಮರದ ಕಂಬಗಳನ್ನು ಪೆನ್ಸಿಲ್‌ನಲ್ಲಿ ಬಿಡಿಸುವುದು ನನ್ನ ಪ್ರಾಜೆಕ್ಟ್.

ಮೊದಲು ಸ್ಕೀಡನ್ಸ್. ಇದು ಪಾರ್ಕಿನ ಗಡಿಯಿಂದ ಸ್ವಲ್ಪ ಹೊರಗಿದೆ. ಭೂವಿಜ್ಞಾನಿ ಜಾರ್ಜ್ ಡಾಸನ್ 1878ರಲ್ಲಿ ತೆಗೆದ ಫೋಟೋದಲ್ಲಿ ದಡದುದ್ದಕ್ಕೂ ಮನೆಗಳು, ಅವುಗಳ ಮುಂದೆ ಕಂಬಗಳು. ಅದೇ ಕೋನದಿಂದ ಈಗಿನ ಊರನ್ನು ಬಿಡಿಸಬೇಕು ಅಂತಿತ್ತು. ಆಗಲಿಲ್ಲ. ಬೇಸಿಗೆಯಲ್ಲಿ ಹೈಡಾ ವಾಚ್‌ಮನ್‌ಗಳು ಇಲ್ಲೇ ಉಳಿದು ಊರು ಕಾಯುತ್ತಾರೆ. ದಡಕ್ಕೆ ಬರುವ ಮೊದಲು ರೇಡಿಯೋದಲ್ಲಿ ಅವರನ್ನು ಕೇಳಬೇಕು. ಒಂದು ಸಲಕ್ಕೆ 12 ಜನ ಮಾತ್ರ. ಬಿಳಿ ಚಿಪ್ಪು ಜೋಡಿಸಿ ಗುರುತು ಮಾಡಿದ ದಾರಿ ಬಿಟ್ಟು ಕಾಲಿಡುವಂತಿಲ್ಲ. ಸರಿ, ಫೋಟೋ ಮಡಚಿಟ್ಟು ದಾರಿಯ ಪಕ್ಕದ ಒಂದೇ ಕಂಬ ಹಿಡಿದೆ. ಕೆತ್ತನೆಗಿಂತ ಪಾಚಿ ಬಿಡಿಸೋಕೇ ಜಾಸ್ತಿ ಹೊತ್ತು ಹಿಡಿಯಿತು.

ಈ ಕಂಬಗಳನ್ನು ಕೊಳೆಯದಂತೆ ಯಾಕೆ ಉಳಿಸಿಕೊಳ್ಳಬಾರದು ಅಂತ ನಮ್ಮ ದೋಣಿಯವರೊಬ್ಬರು ಕೇಳಿದರು. ಕಾವಲಿಗಿದ್ದ ಅಜ್ಜಿ, ಮಣ್ಣಿಗೆ ಹೋಗಬೇಕಾದ್ದು ಮಣ್ಣಿಗೆ ಹೋಗುತ್ತೆ ಅಂದರು, ಅಷ್ಟೇ. ಇವುಗಳಲ್ಲಿ ಕೆಲವು ಸತ್ತವರ ಕಂಬಗಳು. ಮೇಲ್ತುದಿಯಲ್ಲಿ ಪೆಟ್ಟಿಗೆಯೊಳಗೆ ಹಿರಿಯರ ದೇಹ ಇಡುತ್ತಿದ್ದರು. ಅದು ಗೊತ್ತಾದ ಮೇಲೆ ರಾಸಾಯನಿಕ ಬಳಿದು, ಆಸರೆ ಕಟ್ಟಿ ನಿಲ್ಲಿಸುವ ಮಾತು ನನಗೂ ಸರಿಕಾಣಲಿಲ್ಲ.

ಮುಂದಿನ ಊರಿನ ಹೆಸರು ತಾನು. ಅಲ್ಲಿ ಎಲ್ಲ ನೆಲಕ್ಕೆ ಬಿದ್ದಿದೆ. ಮನೆಗಳಿದ್ದ ಕಡೆ ದೊಡ್ಡ ಗುಂಡಿಗಳು, ಹಸಿರು ಹೊದ್ದು ಮಲಗಿದ ತೊಲೆಗಳು. 1862ರ ಸಿಡುಬು ಹೈಡಾ ಊರುಗಳನ್ನು ಹೇಗೆ ಖಾಲಿ ಮಾಡಿತು ಅನ್ನೋದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಕೆನಡಾದ 20 ಡಾಲರ್ ನೋಟಿನ ಮೇಲೂ ಒಮ್ಮೆ ಬಂದ ಶಿಲ್ಪದ ಕಲಾವಿದ ಬಿಲ್ ರೀಡ್ ಅವರ ಚಿತಾಭಸ್ಮ ಇಲ್ಲೇ ಇದೆ. ಚಿತ್ರ ಮಾತ್ರ ಕಷ್ಟ: ಎಲ್ಲ ಒಂದೇ ಹಸಿರು, ಪೆನ್ಸಿಲ್‌ನಲ್ಲಿ ತೊಲೆ ಯಾವುದು, ಬೇರು ಯಾವುದು ತಿಳಿಯಲ್ಲ. 2ಬಿ ಪೆನ್ಸಿಲ್ ಬಿಟ್ಟು ಇನ್ನೂ ಕಪ್ಪಾಗಿ ಮೂಡುವ 6ಬಿ ಹಿಡಿದ ಮೇಲೆ ಪರವಾಗಿಲ್ಲ.

ಲೈಲ್ ದ್ವೀಪದ ವಿಂಡಿ ಬೇಯಲ್ಲಿ ಹೊಸ ಕಂಬ, 42 ಅಡಿ, 2013ರಲ್ಲಿ ನಿಲ್ಲಿಸಿದ್ದು. ಈ ದ್ವೀಪದಲ್ಲೇ 1985ರಲ್ಲಿ ಮರ ಕಡಿಯುವವರಿಗೆ ಹೈಡಾ ಜನ ಅಡ್ಡ ನಿಂತರು. 72 ಜನರ ಬಂಧನವಾಯಿತು. 1993ರ ಒಪ್ಪಂದದಂತೆ ಈಗ ಹೈಡಾದವರೂ ಕೆನಡಾ ಸರ್ಕಾರದವರೂ ಸಮಸಂಖ್ಯೆಯಲ್ಲಿ ಕೂತು ಪಾರ್ಕ್ ನಡೆಸುತ್ತಾರೆ. ಕಂಬದಲ್ಲಿ ಮೇಲೆ ಹದ್ದು, ಕೆಳಗೆ ಕಡಲ ತಳದ ಮೀನು, ಮಧ್ಯೆ ತೋಳಿಗೆ ತೋಳು ಸೇರಿಸಿ ನಿಂತ ಐವರು. ಅವರ ಕಾಲಲ್ಲಿ ಗಮ್‌ಬೂಟು! ಇದನ್ನು ನೋಡಿ ನಗು ಬಂತು, ಆಮೇಲೆ ಆ ಬೂಟುಗಳನ್ನೇ ಬೇರೆ ಪುಟದಲ್ಲಿ ದೊಡ್ಡದಾಗಿ ಬಿಡಿಸಿದೆ. ಈ ಸಲದ ಪುಟಗಳಲ್ಲಿ ನನಗೆ ಇಷ್ಟವಾದದ್ದು ಅದೇ.

ಹಾಟ್‌ಸ್ಪ್ರಿಂಗ್ ದ್ವೀಪದಲ್ಲಿ ಸುಮ್ನೆ ಬಿಸಿನೀರಲ್ಲಿ ಕೂತೆ. 2012ರ ಭೂಕಂಪಕ್ಕೆ ನಿಂತುಹೋಗಿದ್ದ ಬುಗ್ಗೆಗಳು ನಿಧಾನವಾಗಿ ಮರಳಿವೆ.

ಯುನೆಸ್ಕೋ 1981ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೆಯ ಊರು ಎಸ್‌ಗಾಂಗ್ ಗ್ವಾಯ್ ಬಾಕಿ ಉಳಿಯಿತು. ಅದು ತೀರಾ ದಕ್ಷಿಣದಲ್ಲಿ, ತೆರೆದ ಕಡಲಿಗೆ ಮುಖ ಮಾಡಿದೆ. ಗಾಳಿ ಎದ್ದು ದೋಣಿ ಅರ್ಧ ದಾರಿಯಿಂದ ತಿರುಗಿತು. ಮುಂದಿನ ಬೇಸಿಗೆಗೆ ಅದೊಂದಕ್ಕೇ ಹೋಗುವ ಯೋಚನೆ. ಅಷ್ಟರಲ್ಲಿ ತಾನುವಿನ ಪುಟಗಳಿಗೆ ಇಂಕ್ ಹಾಕಬೇಕು, ಒದ್ದೆಗೆ ಸುಕ್ಕಾಗದ ಕಾಗದ ಹುಡುಕಬೇಕು.